ಖಾಕಿ ಅಂಗಿ, ಜೀನ್ಸು, ನೈಲಾನ್ ಸೀರೆ: ತಂಗಿ ಆರಿಸಿದ ಬಟ್ಟೆಯಲ್ಲಿ ಮಗುವಿಗೊಂದು ಕೌದಿ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ಓದ್ಕೋತೀವಿ ಅನ್ನೋರಿಗೆ ಎಂದಿನಂತೆ ಬರಹದ ರೂಪ ಇಲ್ಲಿದೆ. ಮಾತಾಡುವಾಗ ಬಿಟ್ಟುಹೋದ ಅಳತೆ, ಲೆಕ್ಕಗಳನ್ನೂ ಸೇರಿಸಿದ್ದೀನಿ. ಈ ಚಾನೆಲ್‌ನಲ್ಲಿ ನಾನು ಸಾಮಾನ್ಯವಾಗಿ ಡೇಟಾಬೇಸ್, ಸರ್ವರ್ ಅಂತ ತಲೆ ತಿನ್ನೋನು. ಈ ಸಲ ಸೂಜಿ ದಾರ. ಅನ್‌ಸಬ್‌ಸ್ಕ್ರೈಬ್ ಮಾಡೋರು ಕೊನೆ ತನಕ ಓದಿ ಆಮೇಲೆ ಮಾಡಿ.

ಮಾರ್ಚ್‌ನಲ್ಲಿ ಒಂದಿನ ಮಿಹಾನ್‌ನಲ್ಲಿರೋ ನಮ್ಮ ಆಫೀಸಿನ ಗೇಟಿಗೆ ನನ್ನ ಹೆಸರಿಗೆ ಒಂದು ಪಾರ್ಸೆಲ್ ಬಂತು. ಗಾರ್ಡ್ ಕೇಳಿದ್ದಕ್ಕೆ ಅವನೆದುರೇ ಬಿಚ್ಚಿದೆ. ಮೇಲೇ ಮೂರು ಖಾಕಿ ಅಂಗಿ. "ಪೊಲೀಸಾ ಸಾಹೇಬ್?" ಅಂದ. ಅಲ್ಲಪ್ಪ, ಬಸ್ ಕಂಡಕ್ಟರು. ನಮ್ಮಪ್ಪನವು ಅಂದೆ. ಅಪ್ಪ ವಾಯವ್ಯ ಸಾರಿಗೆಯಲ್ಲಿ ಕಂಡಕ್ಟರ್ ಆಗಿದ್ರು, ನಿವೃತ್ತಿಯಾಗಿ ಬಹಳ ದಿನ ಉಳೀಲಿಲ್ಲ. ಅಂಗಿಗಳ ಕೆಳಗೆ ಅವ್ವನ ಹಳೇ ಇಳಕಲ್ ಸೀರೆ, ಮದುವೆಯಾದ ಹೊಸತರಲ್ಲಿ ಉಟ್ಟ ನೀಲಿ ನೈಲಾನ್ ಸೀರೆ, ತಂಗಿ ಕಾಲೇಜಲ್ಲಿ ವಾಲಿಬಾಲ್ ಆಡ್ತಿದ್ದ ಜರ್ಸಿ, ನಾನು ಎಂಟೆಕ್ ಎರಡು ವರ್ಷ ಬಿಡದೇ ಹಾಕಿದ್ದ ಜೀನ್ಸು, ಒಂದು ತುಂಡು ಗುಳೇದಗುಡ್ಡದ ಖಣ, ಮಣಿ ಟಿಕಲಿ ಹಚ್ಚಿದ ತಂಗಿಯ ಮದುವೆ ಕುಪ್ಪಸ. ಜೊತೆಗೊಂದು ಚೀಟಿ: "ಅಣ್ಣಾ, ಇವಿಷ್ಟರಾಗ ನನ್ನ ಕೂಸಿಗೆ ಕೌದಿ ಆಗಬೇಕು. ಹೊಸಾ ಅರಿವಿ ಒಂದೂ ಸೇರಿಸಬ್ಯಾಡ."

ನಾನೇ ಯಾಕೆ ಅಂದ್ರೆ, ಮನೇಲಿ ಸೂಜಿ ಹಿಡಿಯೋ ಚಟ ಇರೋದು ನನಗೊಬ್ಬನಿಗೇ. ಸಣ್ಣವನಿದ್ದಾಗ ಆಯಿಗೆ ಕಣ್ಣು ಮಂಜು, ಸೂಜಿಗೆ ದಾರ ಪೋಣಿಸಿ ಕೊಡೋ ಕೆಲಸ ನನ್ನದು. 2020ರ ಲಾಕ್‌ಡೌನ್‌ನಲ್ಲಿ ಬೇಜಾರಿಗೆ ಒಂದು ಕೌದಿ ಪೂರ್ತಿ ಹೊಲಿದಿದ್ದೆ. ಅದನ್ನ ತಂಗಿ ನೆನಪಿಟ್ಕೊಂಡಿದ್ದಳು.

ದಕ್ಷಿಣದ ಕಡೆಯವರಿಗಾಗಿ ಒಂದು ಮಾತು. ಕೌದಿ ಅಂದ್ರೆ ಹಳೇ ಬಟ್ಟೆಗಳನ್ನ ಪದರ ಪದರವಾಗಿ ಹಾಸಿ, ಮೇಲೆ ತುಂಡುಗಳನ್ನಿಟ್ಟು, ಸಾಲಾಗಿ ಟಾಕಿ ಹಾಕ್ತಾ ಹೊಲಿದ ಹೊದಿಕೆ. ಒಳಗೆ ಅರಳೆ ತುಂಬೋದಿಲ್ಲ, ಬಟ್ಟೆ ಪದರಗಳದ್ದೇ ದಪ್ಪ. ನಾನಿರೋ ನಾಗಪುರದ ಮರಾಠಿಯಲ್ಲಿ ಇದಕ್ಕೆ ಗೋಧಡಿ ಅಂತಾರೆ. ಕೂಸಿಗಾಗಿ ಹೊಲಿಯೋ ಚಿಕ್ಕದಕ್ಕೆ ದುಪಟೆ. ಬಂಗಾಳದ ಕಾಂಥಾ, ಬಿಹಾರದ ಸುಜನಿ ಎಲ್ಲಾ ಇದರ ಬಳಗವೇ.

ಕೂಸಿನ ಕೌದಿಗೆ ನಮ್ಮ ಕಡೆ ಒಂದೇ ನಿಯಮ: ಉಟ್ಟು ಉಟ್ಟು ಮೆತ್ತಗಾದ ಹತ್ತಿ ಸೀರೆ, ಇಲ್ಲಾ ಅಜ್ಜನ ಧೋತರ. ಇದು ಬರೀ ಬಡತನದ ಲೆಕ್ಕ ಅಂತ ನಾನು ತಿಳ್ಕೊಂಡಿದ್ದೆ. ಅಲ್ಲ. ಹೊಸ ಬಟ್ಟೆಯಲ್ಲಿ ಗಂಜಿ ಇರತ್ತೆ, ಅಂಟದೇ ಉಳಿದ ಬಣ್ಣ ಇರತ್ತೆ. ನೂರು ಸಲ ಒಗೆದ ಸೀರೆಯಲ್ಲಿ ಬಿಡಬೇಕಾದ ಬಣ್ಣ ಬಿಟ್ಟು ಮುಗಿದಿರತ್ತೆ, ಕುಗ್ಗಬೇಕಾದದ್ದು ಕುಗ್ಗಿರತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಅದು ಪ್ರೊಡಕ್ಷನ್‌ನಲ್ಲಿ ಹತ್ತು ವರ್ಷ ಓಡಿದ ಕೋಡ್. ತಂಗಿಯ ಪಾರ್ಸೆಲ್ಲಿನಲ್ಲಿ ಆ ಗುಂಪಿಗೆ ಸೇರೋದು ಇಳಕಲ್ ಸೀರೆ ಒಂದೇ. ಉಳಿದದ್ದೆಲ್ಲಾ ದಪ್ಪ, ಇಲ್ಲಾ ಜಾರೋದು, ಇಲ್ಲಾ ಹಿಗ್ಗೋದು, ಇಲ್ಲಾ ಬೆವರು ಹೀರದ್ದು.

ಹಂಗಂತ ಇದನ್ನ ಯಾರೂ ಮಾಡಿಲ್ಲ ಅಂತೇನಿಲ್ಲ. ನಮ್ಮ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆ ಸಿದ್ದಿ ಹೆಣ್ಣುಮಕ್ಕಳು ಹೊಲಿಯೋ ಕವಂದಿ ನೋಡಿ. ಸಿದ್ದಿಗಳು ಆಫ್ರಿಕಾ ಮೂಲದವರು, ಶತಮಾನಗಳಿಂದ ಇಲ್ಲೇ ಇರೋರು. ಮನೆಯಲ್ಲಿ ಯಾವ ಬಟ್ಟೆ ಹರಿದಿದೆಯೋ ಅದೇ ಕವಂದಿಗೆ ಬರತ್ತೆ. ಅವರು ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರ್ತಾರೆ, ತುಂಡುಗಳು ಒಂದೇ ಅಳತೆ ಇರಬೇಕು ಅನ್ನೋ ಹಠ ಇಲ್ಲ. ನಾಲ್ಕು ಮೂಲೆಗೆ ಮಡಚಿದ ತ್ರಿಕೋನದ 'ಫೂಲ' ಕೂಡಿಸದೇ ಕವಂದಿ ಮುಗಿಯೋದಿಲ್ಲ, ಅದಿಲ್ಲದಿದ್ರೆ ಬೆತ್ತಲೆ ಅಂತಾರೆ. ಅಮೆರಿಕಾದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಹೆನ್ರಿ ಡ್ರೂವಲ್ ಇದರ ಬಗ್ಗೆ ಸಾಕಷ್ಟು ಅಧ್ಯಯನ ಮಾಡಿದ್ದಾರೆ.

ಇನ್ನೊಂದು ಉದಾಹರಣೆ ಅಮೆರಿಕಾದ್ದೇ. ಅಲಬಾಮಾ ರಾಜ್ಯದ ಗೀಸ್ ಬೆಂಡ್ ಅನ್ನೋ ಕಪ್ಪುಜನರ ಹಳ್ಳಿ. 1942ರಲ್ಲಿ ಮಿಸೌರಿ ಪೆಟ್‌ವೇ ಅನ್ನೋ ಹೆಣ್ಣುಮಗಳು, ತೀರಿಹೋದ ಗಂಡ ಹೊಲದಲ್ಲಿ ಹಾಕ್ತಿದ್ದ ಕೆಲಸದ ಬಟ್ಟೆಗಳನ್ನೇ ಕತ್ತರಿಸಿ ಕೌದಿ ಹೊಲಿದಳು, ಅವನ ನೆನಪಿಗೆ ಹೊದ್ಕೊಂಡು ಮಲಗೋಕೆ. ಆ ಊರಿನ ಕೌದಿಗಳು 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನಲ್ಲಿ ಪ್ರದರ್ಶನ ಆದವು, 2006ರಲ್ಲಿ ಅಂಚೆಚೀಟಿಯಾದವು. ಅದರ ಚಿತ್ರ ತಂಗಿಗೆ ಕಳಿಸಿದೆ. "ನಾ ಹೇಳಿದ್ದೂ ಅದನ್ನ" ಅಂತ ಒಂದೇ ಸಾಲು ಬಂತು.

ಇಲ್ಲಿಂದ ನಿಜವಾದ ಕಷ್ಟ ಶುರು. ಬಟ್ಟೆಯದ್ದಲ್ಲ, ಅವ್ವಂದು.

ತಂಗಿ ಆ ಅಂಗಿಗಳನ್ನ ಟ್ರಂಕಿನಿಂದ ತೆಗೆದದ್ದು ಅವ್ವನಿಗೆ ಗೊತ್ತೇ ಇರಲಿಲ್ಲ. ನಾನು ಫೋನಲ್ಲಿ ಬಾಯಿಬಿಟ್ಟೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ "ಅವರ ಅಂಗಿಗೆ ಕತ್ರಿ ಹಾಕಾಕ ನಿಮಗ ಹ್ಯಾಂಗ ಮನಸ್ಸಾತು?" ಅಂದಳು. ಅದರ ಜೊತೆ ಇನ್ನೊಂದು: "ಹುಟ್ಟೂ ಮೊದಲ ಏನೂ ಹೊಲಿಬ್ಯಾಡ ಮಾರಾಯಾ." ಎರಡು ವರ್ಷದ ಹಿಂದೆ ತಂಗಿಗೆ ಏಳನೇ ತಿಂಗಳಲ್ಲಿ ಹೋಗಿತ್ತು. ಆಗ ಅವ್ವ ಕುಂಚಿಗೆ, ಕುಲಾಯಿ ಎಲ್ಲಾ ಹೊಲಿದು ಇಟ್ಟಾಗಿತ್ತು. ಅವು ಈಗೆಲ್ಲಿವೆ ಅಂತ ನಮ್ಮನೇಲಿ ಯಾರೂ ಕೇಳೋದಿಲ್ಲ.

ಕೋಡ್ ಬರೆಯೋರಿಗೆ ಒಂದು ಕೆಟ್ಟ ಅಭ್ಯಾಸ ಇರತ್ತೆ, ಏನು ಮಾಡಿದ್ರೂ ಹಿಂದಿನ ವರ್ಷನ್‌ಗೆ ವಾಪಸ್ ಹೋಗಬಹುದು ಅಂತ. ಕತ್ತರಿಗೆ ಆ ಸೌಕರ್ಯ ಇಲ್ಲ. ಮೂರು ವಾರ ಆ ಪೆಟ್ಟಿಗೆ ಹಂಗೇ ಇತ್ತು. ನಾನು ಕೇಳಲೂ ಇಲ್ಲ, ಕತ್ತರಿಸಲೂ ಇಲ್ಲ. ಒಂದು ಭಾನುವಾರ ಅವ್ವನೇ ಫೋನ್ ಮಾಡಿ, "ಕೊಳ್ಳಪಟ್ಟಿ ಹರದವು ಎರಡು ಅದಾವಲ್ಲ, ಅವನ್ನ ಕತ್ತರಸ. ಮೂರನೇದು ನನಗ ಇರ್ಲಿ. ಆದ್ರ ಕೂಸು ಕಣ್ಣಿಗೆ ಬೀಳೂತನಾ ಸೂಜಿ ಹಚ್ಚಬ್ಯಾಡ" ಅಂದಳು. ಹಾಗಾಗಿ ಕೆಲಸ ಎರಡು ಭಾಗ ಆಯ್ತು: ಹೆರಿಗೆಗೆ ಮೊದಲು ಒಗೆಯೋದು, ಪರೀಕ್ಷೆ, ಕತ್ತರಿಸೋದು. ಹೊಲಿಗೆ ಆಮೇಲೆ. ಇದನ್ನ ಮೂಢನಂಬಿಕೆ ಅಂತ ವಾದ ಮಾಡೋ ವಯಸ್ಸು ನನಗೆ ದಾಟಿದೆ. ಅದೂ ಅಲ್ದೆ ಈ ಕ್ರಮದಿಂದ ಕೆಲಸಕ್ಕೆ ಒಳ್ಳೇದೇ ಆಯ್ತು, ಪರೀಕ್ಷೆಗೆ ಬೇಕಾದಷ್ಟು ಟೈಮ್ ಸಿಕ್ತು.

ಮೊದಲನೇದು ಸುಡೋ ಪರೀಕ್ಷೆ. ಒಂದೆರಡು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು ಬೆಂಕಿ ತೋರಿಸಿ. ಹತ್ತಿಯಾದ್ರೆ ಕಾಗದ ಸುಟ್ಟ ವಾಸನೆ, ಮುಟ್ಟಿದ್ರೆ ಉದುರೋ ಬೂದಿ. ರೇಷ್ಮೆಯಾದ್ರೆ ಕೂದಲು ಸುಟ್ಟ ವಾಸನೆ. ಪಾಲಿಯೆಸ್ಟರ್, ನೈಲಾನ್ ಆದ್ರೆ ಕರಗಿ ಗಟ್ಟಿ ಮಣಿಯಾಗತ್ತೆ. ಖಾಕಿಯಲ್ಲಿ ಎರಡೂ ಬಂತು, ಸ್ವಲ್ಪ ಬೂದಿ, ಸ್ವಲ್ಪ ಮಣಿ. ಅಂದ್ರೆ ಟೆರಿಕಾಟ್, ಪಾಲಿಯೆಸ್ಟರ್ ಹತ್ತಿ ಬೆರಕೆ. ಅಪ್ಪ ಬೇಸಿಗೇಲಿ ಆ ಅಂಗಿ ಬಿಚ್ಚಿ ಹಿಂಡ್ತಿದ್ದದ್ದು ಯಾಕೆ ಅಂತ ಈಗ ಗೊತ್ತಾಯ್ತು.

ಅದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇಡೀ ಕೌದಿಯ ರಚನೆ ಇದರ ಮೇಲೆ ನಿಂತಿದೆ. ಸಾಮಾನ್ಯ ಗಾಳಿಯಲ್ಲಿ ಹತ್ತಿ ತನ್ನ ಒಣ ತೂಕದ ಸುಮಾರು 8% ತೇವ ಹಿಡ್ಕೊಂಡಿರತ್ತೆ. ನೈಲಾನ್ 4% ಹತ್ತಿರ. ಪಾಲಿಯೆಸ್ಟರ್ ಬರೀ 0.4%. ಹಾಗಾಗಿ ಪಾಲಿಯೆಸ್ಟರ್ ಮೇಲೆ ಬಿದ್ದ ಬೆವರು ಎಳೆಯೊಳಗೆ ಹೋಗೋದಿಲ್ಲ, ಚರ್ಮದ ಮೇಲೇ ಕೂರತ್ತೆ. ಆಟದ ಜರ್ಸಿಗೆ ಇದು ನಡೆಯತ್ತೆ, ಅದರಲ್ಲಿ ತೂತುಗಳಿವೆ, ಹಾಕ್ಕೊಂಡವರು ಓಡ್ತಿರ್ತಾರೆ, ಗಾಳಿಗೆ ಆರತ್ತೆ. ಮಲಗಿರೋ ಕೂಸಿನ ಬೆನ್ನಡಿಗೆ ನಡೆಯಲ್ಲ, ಬೆವರುಸಾಲೆ ಏಳತ್ತೆ. ಮೇ ತಿಂಗಳಲ್ಲಿ ನಾಗಪುರ 45 ಡಿಗ್ರಿ ಮುಟ್ಟತ್ತೆ. ಆ ಬಿಸಿಲಲ್ಲಿ ಪಾಲಿಯೆಸ್ಟರ್ ಟೀಶರ್ಟ್ ಹಾಕಿ ಖಾಪ್ರಿ ಮೆಟ್ರೋ ಸ್ಟೇಷನ್ನಿಗೆ ನಡೆದು ನೋಡಿ, ಅಂಕಿಅಂಶ ಬೇಕಾಗಲ್ಲ.

ಹಾಗಾಗಿ ಕೌದಿಗೆ ಎರಡು ಮುಖ ಮಾಡಿದೆ. ಮೇಲಿನ ಮುಖ ನೆನಪಿನದು: ಖಾಕಿ, ಜೀನ್ಸು, ನೈಲಾನು, ಜರ್ಸಿ ಎಲ್ಲಾ ಅಲ್ಲಿ. ಕೂಸು ಮಲಗೋ ಮುಖ ಪೂರ್ತಿ ಹತ್ತಿ. ಅದಕ್ಕೆ ಧೋತರ ಬೇಕು ಅಂದಾಗ ತಂಗಿ ತನ್ನ ಷರತ್ತು ಬಿಡದೇ, ಮಾವನವರ ಹಳೇ ಧೋತರ ಎರಡು ಕಳಿಸಿದಳು. ಆ ಕಡೆಯ ಅಜ್ಜನೂ ಸೇರಿದ ಹಾಗಾಯ್ತು. ಒಂದು ಮುಖಕ್ಕೆ, ಒಂದು ನಡುವಿನ ಪದರಕ್ಕೆ.

ಬಣ್ಣದ ಪರೀಕ್ಷೆ: ತುಂಡನ್ನ ಒದ್ದೆ ಮಾಡಿ, ಕೆಳಗೆ ಬಿಳಿ ಹತ್ತಿ ಬಟ್ಟೆಯಿಟ್ಟು ಇಸ್ತ್ರಿ ಒತ್ತಿ. ಇಳಕಲ್ ಸೀರೆಯ ಕೆಂಪು ಸೆರಗು ಇನ್ನೂ ಬಣ್ಣ ಬಿಡ್ತಿತ್ತು, ಅಷ್ಟು ವರ್ಷವಾದ ಮೇಲೂ. ಸೆರಗನ್ನ ಕೈಬಿಟ್ಟು ಒಡಲಿನ ಭಾಗ ಮಾತ್ರ ತಗೊಂಡೆ. ಇಳಕಲ್‌ನಲ್ಲಿ ಒಡಲು ಮತ್ತು ಸೆರಗಿನ ಹಾಸು ಬೇರೆ ಬೇರೆ, ಕೊಂಡಿ ಹಾಕಿ ಜೋಡಿಸಿರ್ತಾರೆ, ಆ ಗೆರೆ ಹಿಡಿದೇ ಬೇರೆ ಮಾಡಿದೆ. ಜೀನ್ಸಿನ ನೀಲಿಯದ್ದು ಬೇರೆ ಕತೆ. ಆ ಬಣ್ಣ ನೂಲಿನ ಮೇಲ್ಪದರದಲ್ಲಷ್ಟೇ ಕೂತಿರತ್ತೆ, ಉಜ್ಜಿದ್ರೆ ಬಿಡತ್ತೆ. ನನ್ನ ಪ್ಯಾಂಟು ಎರಡು ವರ್ಷ ಹಾಸ್ಟೆಲಿನ ಒಗೆಯೋ ಕಲ್ಲು ಕಂಡಿದ್ದರಿಂದ ಪಾಸಾಯ್ತು. ಉಪ್ಪು ನೀರು, ವಿನೆಗರ್ ಹಾಕಿ ನೆನೆಸಿದ್ರೆ ಬಣ್ಣ ಕೂರತ್ತೆ ಅಂತ ವಿಡಿಯೋ ಕೆಳಗೆ ಇಬ್ಬರು ಬರೆದಿದ್ದಾರೆ. ಬಣ್ಣ ಹಾಕೋ ಹೊತ್ತಿಗೆ ಉಪ್ಪಿನ ಪಾತ್ರ ಇದೆ ನಿಜ. ಆದ್ರೆ ಅಂಗಡಿಯಿಂದ ಬಂದ ಹತ್ತಿ ಬಟ್ಟೆಯ ಬಣ್ಣವನ್ನ ಮನೆಯ ಉಪ್ಪು ಕಟ್ಟಿಹಾಕೋದಿಲ್ಲ. ಬಿಡೋ ಬಣ್ಣ ಬಿಡೋವರೆಗೆ ಒಗೆಯೋದೇ ದಾರಿ.

ನೈಲಾನ್ ಸೀರೆಯಲ್ಲಿ ಮುಖಭಂಗ ಆಯ್ತು. ಇಸ್ತ್ರಿಯ ಮೂರು ಚುಕ್ಕೆ ಗುರುತು ಅಂದ್ರೆ 200 ಡಿಗ್ರಿ ಹತ್ತಿರ, ಅದು ಹತ್ತಿಗೆ. ನೈಲಾನಿಗೆ ಒಂದೇ ಚುಕ್ಕೆ, 110. ಖಾಕಿ ಮುಗಿಸಿ ಶಾಖ ಇಳಿಸದೇ ನೈಲಾನ್ ಮೇಲೆ ಇಟ್ಟೆ. ಮೊದಲ ತುಂಡು ಮುದುಡಿ ಇಸ್ತ್ರಿಗೇ ಅಂಟ್ಕೊಂಡ್ತು. ಸೀರೆ ಉದ್ದಕ್ಕಿತ್ತು, ಬಚಾವ್.

ಇನ್ನು ತಂಗಿಗೆ ನಾನು ಇಲ್ಲ ಅಂದ ಸಂಗತಿಗಳು. ಮಣಿ ಟಿಕಲಿ ಕುಪ್ಪಸ ಬೇಡ, ಕಿತ್ತು ಬಾಯಿಗೆ ಹೋಗತ್ತೆ. ಅಪ್ಪನ ಅಂಗಿಯ ಗುಂಡಿ ಬೇಡ, ಅದೇ ಕಾರಣ. ಗುಂಡಿಗೆ ಮಾತ್ರ ಅವಳು ಹಠ ಹಿಡಿದಳು, ಗಟ್ಟಿಯಾಗಿ ಹೊಲಿ ಅಂದಳು. ಹಳೇ ಬಟ್ಟೆಯಲ್ಲಿ ದಾರ ಗಟ್ಟಿ ಇದ್ರೂ ಬಟ್ಟೆಯೇ ಹರಿದು ಗುಂಡಿ ಬರತ್ತಲ್ಲ. ಜರ್ಸಿಯ 7 ನಂಬರೂ ಬೇಡ, ಅದು ಒತ್ತಿ ಅಂಟಿಸಿದ ಪ್ಲಾಸ್ಟಿಕ್, ಒಡೆದು ಸಿಪ್ಪೆ ಏಳ್ತಿತ್ತು. ಬದಲಿಗೆ ಅದೇ ಆಕಾರದಲ್ಲಿ ದಾರದಿಂದ 7 ಬರೆದೆ. ಗುಂಡಿಗಳು ಈಗ ನನ್ನ ಮೇಜಿನ ಡಬ್ಬಿಯಲ್ಲಿವೆ.

ಎಲ್ಲಕ್ಕಿಂತ ದೊಡ್ಡ ಇಲ್ಲ ಬೇರೆಯದು. ದಯವಿಟ್ಟು ಇದನ್ನ ಹಾರಿಸಿ ಓದಬೇಡಿ. ಒಂದು ವರ್ಷ ತುಂಬೋವರೆಗೆ ಕೂಸು ನಿದ್ದೆ ಮಾಡೋ ಜಾಗದಲ್ಲಿ ಕೌದಿ, ದಿಂಬು, ಮೆತ್ತನೆಯ ಹಾಸಿಗೆ ಯಾವುದೂ ಇರಬಾರದು, ಅಂಗಾತ ಮಲಗಿಸಬೇಕು, ಹಾಸು ಗಟ್ಟಿಯಾಗಿ ಸಪಾಟಾಗಿರಬೇಕು ಅಂತ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಹೇಳತ್ತೆ. 2022ರ ಮಾರ್ಗಸೂಚಿಯಲ್ಲೂ ಅದೇ ಇದೆ. ಮುಖದ ಮೇಲೆ ಬಿದ್ದ ಬಟ್ಟೆ ಸರಿಸೋ ಶಕ್ತಿ ಆ ಕೂಸಿಗಿರಲ್ಲ, ಉಸಿರು ಕಟ್ಟತ್ತೆ. ಅವ್ವನಿಗೆ ಹೇಳಿದ್ರೆ "ನಿಮ್ಮನ್ನೆಲ್ಲಾ ಕೌದ್ಯಾಗ ಬೆಳಸಿಲ್ಲೇನು?" ಅಂದಳು. ಬೆಳೆಸಿದ್ದಾಳೆ, ಹೌದು. ಆದ್ರೆ ಎರಡು ವರ್ಷದ ಹಿಂದಿನದು ನೆನಪಿರೋ ಮನೇಲಿ ಹೆಚ್ಚು ವಾದ ಬೇಕಾಗಲಿಲ್ಲ. ಈ ಕೌದಿ ಹೊದಿಸೋಕಲ್ಲ. ಕೂಸು ಎಚ್ಚರ ಇದ್ದಾಗ, ಪಕ್ಕದಲ್ಲಿ ಯಾರಾದ್ರೂ ಕೂತಿದ್ದಾಗ, ನೆಲದ ಮೇಲೆ ಹಾಸಿ ಆಡಿಸೋಕೆ. ವರ್ಷ ತುಂಬಿದ ಮೇಲೆ ಹೊದೀಲಿ.

ಅಳತೆ. ಮುಗಿದಾಗ 40 ಇಂಚು ಉದ್ದ, 40 ಇಂಚು ಅಗಲ. 5 ಇಂಚಿನ ಚೌಕಗಳು ಸಾಲಿಗೆ ಎಂಟು, ಹಂಗೆ ಎಂಟು ಸಾಲು. ಎಳೆ ಬಿಚ್ಚೋ ಬಟ್ಟೆಗಳಾದ್ದರಿಂದ ಹೊಲಿಗೆಗೆ ಸುತ್ತ ಅರ್ಧ ಇಂಚು ಬಿಟ್ಟೆ, ಅಂದ್ರೆ ಕತ್ತರಿಸಿದ್ದು 6 ಇಂಚಿಗೆ. ನಟ್ಟನಡುವೆ ನಾಲ್ಕು ಚೌಕದ ಜಾಗದಲ್ಲಿ ಒಂದೇ ದೊಡ್ಡ ತುಂಡು: ಅಪ್ಪನ ಎದೆಯ ಜೇಬು. ಅದಕ್ಕೆ 11 ಇಂಚು ಬೇಕು, ಅಂಗಿಯ ಒಂದು ಮಗ್ಗುಲಲ್ಲಿ ಸರಿಯಾಗಿ ಅಷ್ಟೇ ಸಿಕ್ತು. ಉಳಿದ 60ರಲ್ಲಿ ಖಾಕಿ 12, ಇಳಕಲ್ 20, ಜೀನ್ಸು 8, ಜರ್ಸಿ 8, ನೈಲಾನ್ 6, ಖಣ 6.

ಅಡಿಗೆಮನೆ ತಕ್ಕಡಿಯಲ್ಲಿ ಒಂದೊಂದೇ ತುಂಡು ತೂಗಿ ನೋಡಿದೆ. ಜೀನ್ಸು 11 ಗ್ರಾಂ, ಖಾಕಿ 5, ಇಳಕಲ್ 2. ಇದರ ಅರ್ಥ ಏನಂದ್ರೆ, ಎರಡು ಜೀನ್ಸ್ ಪಕ್ಕಪಕ್ಕ ಬಂದ್ರೆ ಆ ಭಾಗ ಕಲ್ಲಿನ ಹಾಗೆ ಕೂರತ್ತೆ, ಮೂಲೆಯಲ್ಲಿ ನಾಲ್ಕು ಸೇರಿದ್ರೆ ಮೆಷಿನ್ ಸೂಜಿ ಮುರಿಯತ್ತೆ. ಇಳಕಲ್ ಪಕ್ಕ ಜೀನ್ಸ್ ಬಂದ್ರೆ ಭಾರಕ್ಕೆ ಸೀರೆ ಜಗ್ಗಿ ಹರಿಯತ್ತೆ. ಅಂದ್ರೆ ಜೀನ್ಸಿನ ಅಕ್ಕಪಕ್ಕ ಮಧ್ಯಮ ತೂಕದ ಖಾಕಿಯೋ ಖಣವೋ ಬರಬೇಕು. ಸುಮ್ಮನಿರಲಾರದೇ ಇದಕ್ಕೊಂದು ಪೈಥಾನ್ ಪ್ರೋಗ್ರಾಮ್ ಬರೆದೆ. ಎಲ್ಲಾ ನಿಯಮ ಪಾಲಿಸೋ ಜೋಡಣೆ ಬಂತು. ತಂಗಿಗೆ ಕಳಿಸಿದೆ. "ಅಣ್ಣಾ, ಚೆಸ್ ಬೋರ್ಡ್ ಆಗೇತಿ" ಅಂದಳು. ಕೊನೆಗೆ ತುಂಡುಗಳನ್ನ ನೆಲದ ಮೇಲೆ ಹರಡಿ, ವಿಡಿಯೋ ಕಾಲ್‌ನಲ್ಲಿ ಅವಳು "ಅದನ್ನ ಎಡಕ್ಕ, ಇದನ್ನ ಮ್ಯಾಲೆ" ಅಂತ ಎರಡು ತಾಸು ಆಡಿಸಿದಳು. ನಿಯಮ ಮುರಿದ ಮೂರು ಜಾಗದಲ್ಲಿ ಇಳಕಲ್ ಹಿಂದೆ ಧೋತರದ ಅಸ್ತರು ಕೊಟ್ಟು ಸುಧಾರಿಸಿದೆ. ಅವಳ ಜೋಡಣೆಯೇ ಚೆನ್ನಾಗಿತ್ತು ಅಂತ ಒಪ್ಪಲೇಬೇಕು.

ಮೇ ಕೊನೆಯ ವಾರ ಮಗಳು ಹುಟ್ಟಿದಳು. ಎರಡೂವರೆ ಕೇಜಿ, ತಾಯಿ ಮಗಳು ಆರಾಮ. ಅವತ್ತು ರಾತ್ರಿಯೇ ಅವ್ವನ ಫೋನು: "ಇನ್ನ ಹೊಲಿ."

ಪಕ್ಕದ ಮನೆಯ ಕಾಕು ತಮ್ಮ ಮೆಷಿನ್ ಕೊಟ್ಟರು. ಫ್ಯೂಸಿಂಗ್ ಬಟ್ಟೆ, ಸೂಜಿಗಳು ಸೀತಾಬರ್ಡಿಯಲ್ಲಿ ಸಿಕ್ಕವು. (ನಾಗಪುರ ಬಟ್ಟೆಯ ಊರೇ. ಜಮ್ಶೆಟ್‌ಜಿ ಟಾಟಾ ತಮ್ಮ ಎಂಪ್ರೆಸ್ ಮಿಲ್ ಇಲ್ಲಿ ತೆರೆದದ್ದು 1877ರ ಜನವರಿ 1ರಂದು, ವಿಕ್ಟೋರಿಯಾ ರಾಣಿಯನ್ನ ಭಾರತದ ಸಾಮ್ರಾಜ್ಞಿ ಅಂತ ಘೋಷಿಸಿದ ದಿನ. ಸುತ್ತಲಿನ ವಿದರ್ಭದ ಹತ್ತಿ ಇಲ್ಲೇ ನೂಲಾಗ್ತಿತ್ತು. ಆ ಮಿಲ್ ಈಗಿಲ್ಲ.) ಜರ್ಸಿ ಹಿಗ್ಗೋ ಬಟ್ಟೆ, ಹಂಗೇ ಹೊಲಿದ್ರೆ ಅಲೆ ಅಲೆಯಾಗತ್ತೆ. ಹಿಂದೆ ಫ್ಯೂಸಿಂಗ್ ಹಚ್ಚಿ, ಮೇಲೆ ಬಟ್ಟೆಯಿಟ್ಟು ಕಡಿಮೆ ಶಾಖದಲ್ಲಿ ಒತ್ತಿದೆ. ಇದರಿಂದ ಜರ್ಸಿಯ ತೂತುಗಳೂ ಹಿಂದಿನಿಂದ ಮುಚ್ಚಿದವು, ಕೂಸಿನ ಬೆರಳು ಸಿಕ್ಕೋ ಭಯ ಹೋಯ್ತು. ಜರ್ಸಿಗೆ ಮೊಂಡು ತುದಿಯ ಸೂಜಿ ಬೇಕು, ಚೂಪು ಸೂಜಿ ಎಳೆ ಕತ್ತರಿಸಿ ತೂತು ಬೀಳಿಸತ್ತೆ. ಜೀನ್ಸಿಗೆ 16 ನಂಬರ್, ಉಳಿದದ್ದಕ್ಕೆ 14.

ತುಂಡು ಜೋಡಿಸಿದ್ದು ಮೆಷಿನ್ನಿನಲ್ಲಿ, ಪದರಗಳನ್ನ ಸೇರಿಸೋ ಟಾಕಿ ಪೂರ್ತಿ ಕೈಯಲ್ಲಿ. ಹತ್ತಿ ದಾರವನ್ನೇ ಬಳಸಿದೆ. ಜಗ್ಗಾಟ ಆದಾಗ ಹಳೇ ಬಟ್ಟೆ ಹರಿಯೋ ಬದಲು ದಾರ ಹರೀಲಿ, ದಾರ ಮತ್ತೆ ಹಾಕಬಹುದು ಅನ್ನೋದು ನನ್ನ ಲೆಕ್ಕ. ಟಾಕಿ ಚಿಕ್ಕದಿರಬೇಕು, ಸಡಿಲ ಕುಣಿಕೆ ಎಲ್ಲೂ ಉಳೀಬಾರದು. ಉದ್ದ ದಾರ ಕೂಸಿನ ಕಾಲ್ಬೆರಳಿಗೆ ಸುತ್ತಿ ರಕ್ತ ನಿಲ್ಲೋದು ಉಂಟು, ಮಕ್ಕಳ ಡಾಕ್ಟರಿಗೆ ಗೊತ್ತಿರೋ ತೊಂದರೆ ಇದು. ಸಿದ್ದಿಗಳ ಹಾಗೆ ಅಂಚಿನಿಂದ ಸುತ್ತುತ್ತಾ ಒಳಗೆ ಬಂದೆ. ಜೀನ್ಸಿನ ಮೇಲೆ ದಿನಕ್ಕೆ ಎರಡು ಚೌಕಕ್ಕಿಂತ ಹೆಚ್ಚಾಗ್ತಿರಲಿಲ್ಲ, ಬೆರಳು ತೂತು ಬೀಳ್ತಿತ್ತು. ಒಂದಿನ ಸ್ಟ್ಯಾಂಡಪ್ ಮೀಟಿಂಗಿನಲ್ಲಿ ಕ್ಯಾಮೆರಾ ಆಫ್ ಮಾಡಿ ಹೊಲೀತಿದ್ದೆ, ಮ್ಯೂಟ್ ಮಾಡೋದು ಮರೆತು ಸೂಜಿ ಚುಚ್ಚಿದಾಗ "ಅವ್ವಾ" ಅಂದದ್ದು ಹನ್ನೊಂದು ಜನಕ್ಕೆ ಕೇಳಿಸ್ತು.

ತೊಟ್ಟಿಲ ಹಬ್ಬಕ್ಕೆ ಮುಗೀಲಿಲ್ಲ. ಜುಲೈ ನಡುವೆ ಊರಿಗೆ ತಗೊಂಡು ಹೋದೆ. ಮೂಲೆಗೆ ಫೂಲ ಹಚ್ಚಿರಲಿಲ್ಲ, ಅದು ಸಿದ್ದಿಗಳ ಗುರುತು, ನನ್ನದಲ್ಲ ಅಂತ ಬಿಟ್ಟಿದ್ದೆ. ಅವ್ವ ಕೌದಿ ನೆಲಕ್ಕೆ ಹಾಸಿದಳು, ಧೋತರದ ಮುಖ ಮೇಲೆ. ಕೂಸನ್ನ ಮಲಗಿಸಿ ಪಕ್ಕದಲ್ಲಿ ಕೂತಳು. ಸ್ವಲ್ಪ ಹೊತ್ತಿಗೆ ಅಂಚು ಮಡಚಿ ಕೆಳಗಿನ ಮುಖ ನೋಡಿದಳು. ಜೇಬಿನೊಳಗೆ ಎರಡು ಬೆರಳು ಹಾಕಿ, "ಇದರಾಗ ಯಾವಾಗ್ಲೂ ಚಿಲ್ರಾ ಇರ್ತಿದ್ವು" ಅಂದಳು. ತಂಗಿ ಆ ಕಡೆ ತಿರುಗಿ ಕೂತಳು.

ಈವರೆಗೆ ಐದು ಸಲ ಒಗೆದಿದ್ದಾರೆ, ತಣ್ಣೀರು, ನೆರಳಲ್ಲಿ ಒಣಗಿಸೋದು. ಬಣ್ಣ ಎಲ್ಲೂ ಹತ್ತಿಲ್ಲ. ಬಲಗಡೆ ಕೆಳಗಿನ ಒಂದು ಜರ್ಸಿ ಚೌಕದ ಹೊಲಿಗೆ ಒಂದಿಂಚು ಬಿಟ್ಟಿದೆ ಅಂತ ನಿನ್ನೆ ಫೋಟೋ ಬಂತು. ಅಲ್ಲಿ ಅರ್ಧ ಇಂಚು ಸಾಲದು, ಮುಕ್ಕಾಲು ಬಿಡಬೇಕಿತ್ತು. ಚೌತಿಗೆ ಹೋದಾಗ ಸರಿ ಮಾಡ್ತೀನಿ, ಮೊಂಡು ಸೂಜಿ ಬ್ಯಾಗಿಗೆ ಹಾಕ್ಕೊಂಡಾಗಿದೆ.